ಈಸ್ಟ್‌ಎಂಡರ್ಸ್‌ನಲ್ಲಿ ಡಾಟ್ ಒಬ್ಬಳೇ ಮಾತಾಡುವ ಎಪಿಸೋಡ್: ಅವಳು ಹೆದರಿದ್ದು ತಪ್ಪಾ?

ಕಾವೇರಿದಡ

ಇಲ್ಲಿ ಈಸ್ಟ್‌ಎಂಡರ್ಸ್ ನೋಡುವವರು ಯಾರಾದರೂ ಇದ್ದೀರಾ? ಬಿಬಿಸಿಯಲ್ಲಿ 1985ರಿಂದ ನಡೆಯುತ್ತಿರುವ ಸೀರಿಯಲ್. ಮಗಳ ಮನೆಗೆ ಇಂಗ್ಲೆಂಡಿಗೆ ಹೋದಾಗ ನೋಡುವ ಅಭ್ಯಾಸವಾಯಿತು. ಮೊದಲು ಅವರ ಲಂಡನ್ ಭಾಷೆ ತಲೆಗೇ ಹೋಗುತ್ತಿರಲಿಲ್ಲ. ಈಗ ಪರವಾಗಿಲ್ಲ.

ನನ್ನ ಪ್ರಶ್ನೆ 2008ರ ಜನವರಿ 31ರಂದು ಪ್ರಸಾರವಾದ ಎಪಿಸೋಡ್ ಬಗ್ಗೆ. ಅರ್ಧ ಗಂಟೆ ಪೂರ್ತಿ ಒಬ್ಬಳೇ ಮುದುಕಿ, ಡಾಟ್. ಬೇರೆ ಒಂದು ಪಾತ್ರವೂ ಇಲ್ಲ. ಅವಳ ಗಂಡ ಜಿಮ್‌ಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾನೆ. ಇವಳು ಮನೆಯಲ್ಲಿ ಕ್ಯಾಸೆಟ್ ರೆಕಾರ್ಡರ್ ಎದುರಿಗೆ ಇಟ್ಟುಕೊಂಡು ಅವನಿಗೆ ಕೇಳಿಸಬೇಕು ಅಂತ ಮಾತಾಡುತ್ತಾಳೆ. ಊರ ಸುದ್ದಿ, ತನ್ನ ಹಳೆಯ ಬದುಕು, ಎಲ್ಲಾ ಬರುತ್ತದೆ. ಆದರೆ ಎಲ್ಲದರ ಅಡಿಗೆ ಇರುವುದು ಒಂದೇ ಮಾತು. ಅವನನ್ನು ಮನೆಗೆ ಕರೆತಂದು ನೋಡಿಕೊಳ್ಳುವ ಶಕ್ತಿ ತನಗಿದೆಯಾ ಎನ್ನುವ ಭಯ. ಅದನ್ನು ಅವನ ಮುಖ ನೋಡಿ ಹೇಳಲು ಆಗದೆ ಟೇಪಿಗೆ ಹೇಳುತ್ತಾಳೆ.

ಇದರ ಮೇಲೆ ನನಗೂ ಮಗಳಿಗೂ ಜೋರು ಚರ್ಚೆ ಆಯಿತು. ನಾನು ನಮ್ಮ ಅತ್ತೆಯವರನ್ನು ಮನೆಯಲ್ಲೇ ಕೊನೆಯವರೆಗೆ ನೋಡಿಕೊಂಡವಳು. ಕೈಹಿಡಿದ ಗಂಡನನ್ನು ಹಾಗೆ ಬಿಡುವುದು ಅಂದರೆ ಏನು ಅಂತ ನನಗೆ ಸಿಟ್ಟು ಬಂತು. ಮಗಳು ಹೇಳುತ್ತಾಳೆ, ಅಮ್ಮ, ಆಗಲ್ಲ ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟು ಜನಕ್ಕಿದೆ ಹೇಳು ಅಂತ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ಆದರೆ ಒಪ್ಪಲೂ ಮನಸ್ಸಿಲ್ಲ.

ಹಿಂದಿನ ಕಥೆ ಗೊತ್ತಿರುವವರು ಹೇಳಿ. ಡಾಟ್ ಹೆದರಿದ್ದು ತಪ್ಪಾ? ಇನ್ನೊಂದು, ಹತ್ತಾರು ಪಾತ್ರ ಇರುವ ಸೀರಿಯಲ್ ಎಲ್ಲರನ್ನೂ ಪಕ್ಕಕ್ಕಿಟ್ಟು ಹೀಗೊಂದು ಎಪಿಸೋಡ್ ಮಾಡಿದ್ದು ಯಾಕೆ?

ಲೆಸ್ಟರ್_ಕನ್ನಡಿಗ

ನಾನು ಈ ದೇಶಕ್ಕೆ ಬಂದಾಗಿನಿಂದ ಬಿಡದೆ ನೋಡುತ್ತಿದ್ದೇನೆ. ಮೊದಲು ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಮೊದಲನೆಯದು ಅದರೊಳಗೇ ಇದೆ.

ಜಿಮ್ ಪಾತ್ರ ಮಾಡುತ್ತಿದ್ದ ಜಾನ್ ಬಾರ್ಡನ್‌ಗೆ 2007ರಲ್ಲಿ ನಿಜವಾಗಿಯೂ ಪಾರ್ಶ್ವವಾಯು ಆಯಿತು. ಕಥೆಗಾಗಿ ಹುಟ್ಟಿಸಿದ ಕಾಯಿಲೆ ಅಲ್ಲ ಅದು. ನಮ್ಮ ಕನ್ನಡ ಸೀರಿಯಲ್‌ಗಳಲ್ಲಿ ನಟ ಬರದೇ ಹೋದರೆ ಏನಾಗುತ್ತದೆ ಗೊತ್ತಲ್ವಾ? ಮರುದಿನ ಬೇರೆ ಮುಖ ಬರುತ್ತದೆ, ಕೆಳಗೆ ಒಂದು ಸಾಲು ಓಡುತ್ತದೆ, ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು ಅಂತ. ಅಥವಾ ಪಾತ್ರ ಸುಮ್ನೆ ಅಮೆರಿಕಾಗೆ ಹೋಗಿಬಿಡುತ್ತದೆ. ಇಲ್ಲಿ ಬಾರ್ಡನ್ ಜಾಗಕ್ಕೆ ಯಾರನ್ನೂ ತರಲಿಲ್ಲ. ನಟನಿಗೆ ಆದದ್ದೇ ಪಾತ್ರಕ್ಕೂ ಆಯಿತು. ಅವರಿಲ್ಲದ ಖಾಲಿ ಜಾಗವನ್ನೇ ಕಥೆ ಮಾಡಿದರು. ಬರೆದದ್ದು ಟೋನಿ ಜೋರ್ಡನ್, ನಿರ್ದೇಶನ ಕ್ಲೈವ್ ಆರ್ನಲ್ಡ್. ಬ್ರಿಟಿಷ್ ಸೋಪ್‌ಗಳಲ್ಲಿ (ಇಂಥ ದೀರ್ಘ ಸೀರಿಯಲ್‌ಗಳಿಗೆ ಇಲ್ಲಿ ಸೋಪ್ ಅಂತಾರೆ) ಒಂದೇ ಪಾತ್ರ ಇಟ್ಟುಕೊಂಡು ಮಾಡಿದ ಮೊದಲ ಎಪಿಸೋಡ್ ಅದು.

ಇನ್ನು ಡಾಟ್. ಜೂನ್ ಬ್ರೌನ್ ಈ ಪಾತ್ರಕ್ಕೆ ಬಂದದ್ದು 1985ರ ಜುಲೈನಲ್ಲಿ, ಸೀರಿಯಲ್ ಶುರುವಾಗಿ ಇನ್ನೂ ಆರು ತಿಂಗಳೂ ಆಗಿರಲಿಲ್ಲ. ಅಂದರೆ ಟೇಪ್ ರೆಕಾರ್ಡರ್ ಮುಂದೆ ಕೂರುವ ಹೊತ್ತಿಗೆ ಜನ ಅವಳನ್ನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನೋಡಿದ್ದರು. (ನಡುವೆ ಕೆಲವು ವರ್ಷ ಅವರು ಸೀರಿಯಲ್‌ನಲ್ಲಿ ಇರಲಿಲ್ಲ.) ಬಟ್ಟೆ ಒಗೆಯುವ ಲಾಂಡ್ರೆಟ್‌ನಲ್ಲಿ ಕೆಲಸ. ಕೈಯಲ್ಲಿ ಸದಾ ಸಿಗರೇಟು. ಬಾಯಲ್ಲಿ ಬೈಬಲ್ ವಚನ. ಮೊದಲ ಗಂಡ ಚಾರ್ಲಿ ಇವಳಿಗೆ ಮೋಸ ಮಾಡಿ ಇನ್ನೊಬ್ಬಳನ್ನೂ ಮದುವೆಯಾಗಿದ್ದವನು. ಮಗ ನಿಕ್ ಕಳ್ಳ, ಕೊಲೆಗಾರ. 1990ರಲ್ಲಿ ಹೆತ್ತ ತಾಯಿಗೇ ವಿಷ ಹಾಕಲು ನೋಡಿದ, ಅವಳು ಬಿಂಗೋ ಅನ್ನುವ ಅಂಕಿ ಆಟದಲ್ಲಿ ಗೆದ್ದ ದುಡ್ಡಿಗಾಗಿ. ಆದರೂ ಅವಳಿಗೆ ಅವನು ನನ್ನ ನಿಕ್, ಅಷ್ಟೇ.

2000ರಲ್ಲಿ ಅವಳ ಹಳೆಯ ಗೆಳತಿ ಎಥೆಲ್‌ಗೆ ವಾಸಿಯಾಗದ ಕಾಯಿಲೆ. ನನ್ನನ್ನು ಕಳಿಸಿಕೊಡು ಅಂತ ಕೇಳುತ್ತಾಳೆ. ದೇವರಿಗೆ ಅಷ್ಟು ಹೆದರುವ ಡಾಟ್ ಗೆಳತಿಯ ಮಾತಿಗೆ ಕಟ್ಟುಬಿದ್ದು ಸಾಯಲು ಸಹಾಯ ಮಾಡುತ್ತಾಳೆ. ಆ ಪಾಪಪ್ರಜ್ಞೆ ಅವಳನ್ನು ಬಿಡಲಿಲ್ಲ. ಹಾಸಿಗೆ ಹಿಡಿದವರ ಪಕ್ಕ ಕೂರುವುದು ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲಾ ಆದಮೇಲೆ ಬಂದವನು ಜಿಮ್. ಲಂಡನ್ ಐ ಅನ್ನುವ ದೊಡ್ಡ ತಿರುಗುಚಕ್ರದ ಮೇಲೆ ಕೂತು ಮದುವೆಯಾಗು ಅಂತ ಕೇಳಿದ. 2002ರ ಫೆಬ್ರವರಿ 14, ಪ್ರೇಮಿಗಳ ದಿನ ಮದುವೆ ಆಯಿತು. ಇಳಿವಯಸ್ಸಿನಲ್ಲಿ ಸಿಕ್ಕಿದ ಒಂದೇ ನೆಮ್ಮದಿ. ಐದು ವರ್ಷ ಆದಮೇಲೆ ಲಕ್ವ.

ಈಗ ಹೇಳಿ. ಇವಳು ಕರ್ತವ್ಯದಿಂದ ತಪ್ಪಿಸಿಕೊಳ್ಳುವ ಹೆಂಗಸಾ? ಜೀವನಪೂರ್ತಿ ಬೇರೆಯವರನ್ನು ಹೊತ್ತವಳು, ಇನ್ನು ಹೊರಲಾರೆನೋ ಏನೋ ಅಂತ ಮೊದಲ ಸಲ ಹೇಳುತ್ತಿದ್ದಾಳೆ. ನನ್ನ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ.

ಪುತ್ತೂರು_ನರ್ಸ್

ನಾನು ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಸ್ಟ್ರೋಕ್ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಕಥೆಗಿಂತ ಜಾಸ್ತಿ ಡಾಟ್‌ಳ ಭಯದ ಬಗ್ಗೆ ಹೇಳಬೇಕು ಅನ್ನಿಸಿತು.

ಲಕ್ವ ಹೊಡೆದವರನ್ನು ಮನೆಗೆ ಕಳಿಸುವುದು ಅಂದರೆ ಬರೀ ಆಂಬುಲೆನ್ಸ್ ಹತ್ತಿಸುವುದಲ್ಲ. ಮೆಟ್ಟಿಲು ಹತ್ತಲು ಆಗುತ್ತಾ, ಬಚ್ಚಲಿಗೆ ಹೋಗಲು ಆಗುತ್ತಾ, ಮಂಚದಿಂದ ಕುರ್ಚಿಗೆ ಯಾರು ಎತ್ತುತ್ತಾರೆ, ಎಲ್ಲಾ ನೋಡಬೇಕು. ಕೆಲವರಿಗೆ ನುಂಗುವುದು ಕಷ್ಟ, ನೀರು ಕೂಡ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅವರಿಗೆ ನೀರನ್ನೂ ಮಂದ ಮಾಡಿ ಚಮಚದಲ್ಲಿ ಕೊಡಬೇಕು. ಮಲಗಿದ ಕಡೆಯೇ ಇದ್ದರೆ ಬೆನ್ನಿಗೆ, ಹಿಮ್ಮಡಿಗೆ ಹುಣ್ಣು. ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು. ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಮಾತು ಹೋಗುತ್ತದೆ, ಬಲಗೈ ಬಲಗಾಲು ಸೋಲುತ್ತವೆ. ಒಳಗೆ ಎಲ್ಲಾ ಗೊತ್ತಾಗುತ್ತಿರುತ್ತದೆ, ಹೇಳಲು ಹೋದರೆ ಬೇರೆ ಮಾತು ಬರುತ್ತದೆ, ಇಲ್ಲಾ ಮಾತೇ ಬರುವುದಿಲ್ಲ. ಸಿಟ್ಟು ಬರುತ್ತದೆ. ಅಳು ಬರುತ್ತದೆ. ಅದನ್ನು ದಿನಾ ಎದುರಿಗೆ ನೋಡುವವರು ಹೆಂಡತಿ.

ಈ ಎಪಿಸೋಡ್ ಮಾಡುವಾಗ ಜೂನ್ ಬ್ರೌನ್‌ಗೆ 80 ವರ್ಷ. ಆ ತೆಳು ಮೈ, ಆ ಸಣ್ಣ ಕೈ ನೋಡಿ. ಆ ಕೈಯಲ್ಲಿ ಜಿಮ್‌ನಂಥ ದಪ್ಪ ಆಳನ್ನು ಎತ್ತಿ ಕೂರಿಸುವುದು ಹೇಗೆ? ವಾರ್ಡ್‌ನಲ್ಲಿ ನಾವು ಇಬ್ಬರು ಸೇರಿ, ಯಂತ್ರ ಹಿಡಿದು ಮಾಡುವ ಕೆಲಸ ಅದು.

ನಾನು ದಿನಾ ನೋಡುತ್ತೇನೆ. ವಯಸ್ಸಾದ ಹೆಂಡತಿ ಬಂದು ಡಾಕ್ಟರ್ ಎದುರಿಗೆ ನಗುನಗುತ್ತಾ ಹೇಳುತ್ತಾರೆ, ನಾನು ನೋಡಿಕೊಳ್ಳುತ್ತೇನೆ, ಏನೂ ತೊಂದರೆ ಇಲ್ಲ ಅಂತ. ಆಮೇಲೆ ಕಾರಿಡಾರ್‌ನಲ್ಲಿ ನಮ್ಮ ಕೈ ಹಿಡಿದು, ನನಗೆ ರಾತ್ರಿ ಭಯವಾಗುತ್ತದೆ ಸಿಸ್ಟರ್ ಅಂತಾರೆ. ಮೊದಲನೇ ಮಾತು ಮಾತ್ರ ಫೈಲಿಗೆ ಹೋಗುತ್ತದೆ. ಹೀಗೆ ಮನೆಗೆ ಹೋದವರು ಕೆಲವೊಮ್ಮೆ ಬೇಗ ವಾಪಸ್ ಬರುತ್ತಾರೆ, ಈ ಸಲ ಹೆಂಡತಿಯ ಬೆನ್ನುನೋವು, ಬಿಪಿ ಎಲ್ಲಾ ಜೊತೆಗೆ.

ಇಲ್ಲಿ ನೋಡಿಕೊಳ್ಳುವವರಿಗೂ ಒಂದು ಅಸೆಸ್‌ಮೆಂಟ್ ಇದೆ, ಅವರಿಗೆ ಏನು ಸಹಾಯ ಬೇಕು ಅಂತ ನೋಡುವುದು. ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಕೇಳಿದರೆ ಮಾಡಬೇಕು, ಅದು ಕಾನೂನು. ಆದರೆ ನರ್ಸಿಂಗ್ ಹೋಂ (ನಮ್ಮೂರಿನ ಹಾಗೆ ಖಾಸಗಿ ಆಸ್ಪತ್ರೆ ಅಲ್ಲ, ಅಲ್ಲೇ ಉಳಿದು ಆರೈಕೆ ಪಡೆಯುವ ಜಾಗ) ಅಂದರೆ ಎಲ್ಲಾ ಬಿಟ್ಟಿ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 23,250 ಪೌಂಡ್‌ಗಿಂತ ಜಾಸ್ತಿ ಉಳಿತಾಯ, ಆಸ್ತಿ ಇದ್ದರೆ ಖರ್ಚು ನೀವೇ ಹಾಕಿಕೊಳ್ಳಬೇಕು. ಕಳಿಸುವ ನಿರ್ಧಾರವೂ ಸುಲಭದ್ದಲ್ಲ, ಇಟ್ಟುಕೊಳ್ಳುವ ನಿರ್ಧಾರವೂ ಸುಲಭದ್ದಲ್ಲ.

ಅಮ್ಮಾ, ನೀವು ಅತ್ತೆಯನ್ನು ನೋಡಿಕೊಂಡದ್ದು ದೊಡ್ಡ ಕೆಲಸ. ಆದರೆ ಆಗ ನಿಮಗೆ ಎಷ್ಟು ವಯಸ್ಸು? ಮನೆಯಲ್ಲಿ ಎಷ್ಟು ಜನ ಇದ್ದರು? ಡಾಟ್ ಆ ಅರ್ಧ ಗಂಟೆ ಆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅದೇ ಉತ್ತರ ಅಂತ ನನಗೆ ಅನ್ನಿಸುತ್ತದೆ.

ಹಂಪಿ_ಕಲ್ಲು

ಎಲ್ಲರೂ ಡಾಟ್ ಪರ ನಿಂತಿದ್ದೀರಿ. ನನಗೆ ಬೇರೆ ತಕರಾರು ಇದೆ.

ಜಿಮ್ ಎಲ್ಲಿ? ಅರ್ಧ ಗಂಟೆ ಅವನ ಬದುಕಿನ ಬಗ್ಗೆಯೇ ಮಾತು. ಅವನು ಎಲ್ಲಿರಬೇಕು, ಹೇಗಿರಬೇಕು, ಎಲ್ಲಾ ಅವನ ಬೆನ್ನ ಹಿಂದೆ. ಅವಳಿಗೆ ಹೇಳಿಕೊಂಡು ಹಗುರಾಗುವ ಅವಕಾಶ ಸಿಕ್ಕಿತು. ಅವನಿಗೆ ಕೇಳಿಸಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ. ಟೇಪ್ ಹಾಕಿದಾಗ ಆಸ್ಪತ್ರೆ ಮಂಚದ ಮೇಲೆ ಮಲಗಿದವನಿಗೆ ಹೇಗಾಗಿರಬೇಡ? ನನ್ನ ತಂದೆಗೆ ಲಕ್ವ ಆಗಿತ್ತು. ಅವರ ಎದುರಿಗೇ ನೆಂಟರು ಅವರ ಬಗ್ಗೆ ಮಾತಾಡುತ್ತಿದ್ದರು, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಅಪ್ಪನ ಕಣ್ಣು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುತ್ತಿತ್ತು. ಅದನ್ನು ನೋಡಿದ ಮೇಲೆ ಈ ಎಪಿಸೋಡ್ ಎಷ್ಟೇ ಚೆನ್ನಾಗಿದ್ದರೂ ನನಗೆ ಅರ್ಧ ಸತ್ಯ ಅಂತಲೇ ಅನ್ನಿಸುತ್ತದೆ. ಅಭಿನಯದ ಬಗ್ಗೆ ಎರಡು ಮಾತಿಲ್ಲ, ಅದು ಬೇರೆ ವಿಷಯ.

ಲೆಸ್ಟರ್_ಕನ್ನಡಿಗ

@ಹಂಪಿ_ಕಲ್ಲು, ನಿಮ್ಮ ತಂದೆಯವರ ಬಗ್ಗೆ ಓದಿ ಬೇಜಾರಾಯಿತು. ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಈ ಎಪಿಸೋಡ್‌ಗೆ ಕಥೆ ಮುಗಿಯಲಿಲ್ಲ, ಅದೊಂದು ಸೇರಿಸುತ್ತೇನೆ.

ಜಾನ್ ಬಾರ್ಡನ್ ವಾಪಸ್ ಬಂದರು. ಗಾಲಿಕುರ್ಚಿಯಲ್ಲಿ ಕೂತು, ಮಾತು ಕಡಿಮೆ ಇಟ್ಟುಕೊಂಡು, ಜಿಮ್ ಆಗಿಯೇ ಮತ್ತೆ ತೆರೆ ಮೇಲೆ ಬಂದರು. 2011ರವರೆಗೆ ಆಗಾಗ ಕಾಣಿಸಿಕೊಂಡರು. ಲಕ್ವ ಹೊಡೆದ ಮನುಷ್ಯನನ್ನು ಲಕ್ವ ಹೊಡೆದ ನಟನೇ ಮಾಡುವುದು, ಅದೂ ವಾರಕ್ಕೆ ನಾಲ್ಕು ದಿನ ಬರುವ ಜನಪ್ರಿಯ ಸೀರಿಯಲ್‌ನಲ್ಲಿ! ಆ ಮುಖ ಮುಚ್ಚಿಡಲಿಲ್ಲ ಅವರು. ಸೋರುವ ಬಾಯಿ, ಎಳೆಯುವ ಮಾತು, ಎಲ್ಲಾ ಮನೆಮನೆಯ ಟಿವಿಯಲ್ಲಿ ಬಂತು. 2014ರಲ್ಲಿ ತೀರಿಕೊಂಡರು.

ಹಾಗಾಗಿ ಜಿಮ್‌ಗೆ ಉತ್ತರ ಕೊಡುವ ಅವಕಾಶ ತಡವಾಗಿಯಾದರೂ ಸಿಕ್ಕಿತು. ಮಾತಿನಲ್ಲಿ ಅಲ್ಲ, ಎದುರಿಗೆ ಬಂದು ಕೂತದ್ದರಿಂದ.

ರಂಗದಮೂಲೆ

ನಾಟಕದವಳು ನಾನು, ಹವ್ಯಾಸಿ ತಂಡ. ಎರಡನೇ ಪ್ರಶ್ನೆಗೆ ನನ್ನ ಕಡೆಯಿಂದ ಸ್ವಲ್ಪ.

ಏಕವ್ಯಕ್ತಿ ಪ್ರಯೋಗ ನಮಗೆ ಹೊಸದಲ್ಲ. ಸಿ.ಆರ್. ಸಿಂಹ ಒಬ್ಬರೇ ಕೈಲಾಸಂ ಆಗಿ ರಂಗ ತುಂಬುತ್ತಿದ್ದರು. ಮಂಟಪ ಪ್ರಭಾಕರ ಉಪಾಧ್ಯರು ಯಕ್ಷಗಾನವನ್ನೇ ಏಕವ್ಯಕ್ತಿ ಮಾಡಿ ತೋರಿಸಿದವರು. ಆದರೆ ರಂಗದ ಮೇಲೆ ಒಬ್ಬರೇ ನಿಂತಾಗ ಪ್ರೇಕ್ಷಕರು ಎದುರಿಗೆ ಇರುತ್ತಾರೆ. ಅವರ ಉಸಿರು ಕೇಳುತ್ತದೆ. ಟಿವಿಯಲ್ಲಿ ಅದು ಇಲ್ಲ. ಹಾಗಾದರೆ ಪಾತ್ರ ಯಾರ ಹತ್ತಿರ ಮಾತಾಡುತ್ತಿದೆ? ಇದು ಬಗೆಹರಿಯದಿದ್ದರೆ ಐದೇ ನಿಮಿಷಕ್ಕೆ ಸುಸ್ತಾಗುತ್ತದೆ. ಕ್ಯಾಸೆಟ್ ರೆಕಾರ್ಡರ್ ಇಲ್ಲಿ ಆ ಕೆಲಸ ಮಾಡುತ್ತದೆ. ನಾಟಕಕಾರ ಬೆಕೆಟ್ ಹಿಂದೆಯೇ ಟೇಪ್ ರೆಕಾರ್ಡರ್ ಮುಂದೆ ಒಬ್ಬ ಮುದುಕನನ್ನು ಕೂರಿಸಿ ನಾಟಕ ಬರೆದಿದ್ದ. ಆ ಮುದುಕ ಕೇಳುವುದು ತನ್ನದೇ ಹಳೆಯ ದನಿ. ಡಾಟ್ ಮಾತಾಡುವುದು ಇನ್ನೊಬ್ಬರಿಗಾಗಿ. ಅದಕ್ಕೇ ಅವಳ ಮಾತಿನಲ್ಲಿ ಸಂಕೋಚ ಇದೆ, ಸುತ್ತುಬಳಸು ಇದೆ. ಮೊದಲು ಊರ ಸುದ್ದಿ, ಆಮೇಲೆ ನೆನಪು, ಹೇಳಲೇಬೇಕಾದದ್ದನ್ನು ಮುಂದೆ ಮುಂದೆ ತಳ್ಳುತ್ತಾ ಹೋಗುತ್ತಾಳೆ. ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರಿಗೆ ಮನೆಯವರು ಆಗ ಕ್ಯಾಸೆಟ್ ತುಂಬಿಸಿ ಕಳಿಸುತ್ತಿದ್ದರಲ್ಲ, ನಮ್ಮ ದೊಡ್ಡಮ್ಮನೂ ಕಳಿಸುತ್ತಿದ್ದರು. ಮಳೆ, ಹಸು ಕರು ಹಾಕಿದ್ದು, ಪಕ್ಕದ ಮನೆ ಮದುವೆ, ಎಲ್ಲಾ ಮುಗಿದು ಟೇಪ್ ಇನ್ನೇನು ಮುಗಿಯಬೇಕು ಅನ್ನುವಾಗ ದನಿ ಬದಲಾಗುತ್ತಿತ್ತು. ಎದುರಿಗೆ ಯಾರೂ ಇಲ್ಲದಿದ್ದರೆ ಮಾತ್ರ ಬಾಯಿಗೆ ಬರುವ ಮಾತುಗಳಿವೆ.

ಇನ್ನೊಂದು ವಿಷಯ, ಇದು ಏಕಾಏಕಿ ಹುಟ್ಟಿದ್ದಲ್ಲ. ಈಸ್ಟ್‌ಎಂಡರ್ಸ್‌ನಲ್ಲೇ 1986ರ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ಡೆನ್ ಮತ್ತು ಆಂಜಿ ಇಬ್ಬರೇ ಇರುವ ಎಪಿಸೋಡ್ ಬಂದಿತ್ತು. ಗಂಡ ಬಿಟ್ಟು ಹೋಗುತ್ತಾನೆ ಅಂತ ಗೊತ್ತಾಗಿ ಆಂಜಿ ತನಗೆ ಬದುಕಲು ಆರೇ ತಿಂಗಳು ಇರುವುದು ಅಂತ ಸುಳ್ಳು ಹೇಳುತ್ತಾಳೆ. ಅದರ ಫಲ ಅದೇ ವರ್ಷ ಕ್ರಿಸ್‌ಮಸ್ ದಿನ, ಡೆನ್ ಅವಳ ಕೈಗೆ ವಿಚ್ಛೇದನದ ಕಾಗದ ಕೊಡುತ್ತಾನೆ. ಮರುಪ್ರಸಾರವನ್ನೂ ಸೇರಿಸಿ 3 ಕೋಟಿಗೂ ಜಾಸ್ತಿ ಜನ ಅದನ್ನು ನೋಡಿದರು. ಆ ಇಬ್ಬರು ಅರ್ಧ ಗಂಟೆ ಹಿಡಿದು ನಿಲ್ಲಿಸಿದ್ದನ್ನು ನೋಡಿದವರಿಗೆ, ಒಬ್ಬಳೂ ನಿಲ್ಲಿಸಬಹುದು ಅನ್ನುವ ಧೈರ್ಯ ಬಂದಿರಬೇಕು.

ಇನ್ನೊಂದು ಬ್ರಿಟಿಷ್ ಸೋಪ್ ಕೊರೊನೇಷನ್ ಸ್ಟ್ರೀಟ್‌ನ ಹಿಲ್ಡಾ ಆಗ್ಡನ್ ಗೊತ್ತಾ? ಅವಳ ಗಂಡ ಸ್ಟ್ಯಾನ್ ಪಾತ್ರ ಮಾಡುತ್ತಿದ್ದ ಬರ್ನಾರ್ಡ್ ಯೂವೆನ್ಸ್ 1984ರ ಆಗಸ್ಟ್‌ನಲ್ಲಿ ತೀರಿಕೊಂಡರು. ನವೆಂಬರ್‌ನಲ್ಲಿ ಸೀರಿಯಲ್‌ನಲ್ಲಿ ಸ್ಟ್ಯಾನ್ ಸತ್ತ. ಅಂತ್ಯಸಂಸ್ಕಾರದಲ್ಲಿ ಹಿಲ್ಡಾ ಗಟ್ಟಿಯಾಗಿಯೇ ಇದ್ದಳು. ಆಮೇಲೆ ಮನೆಯಲ್ಲಿ ಒಬ್ಬಳೇ ಆಸ್ಪತ್ರೆಯಿಂದ ಬಂದ ಪೊಟ್ಟಣ ಬಿಚ್ಚುತ್ತಾಳೆ. ಅವನ ಬಟ್ಟೆ. ಕೆಳಗೆ ಕನ್ನಡಕದ ಡಬ್ಬಿ. ಅದನ್ನು ತೆರೆದು ಆ ಕನ್ನಡಕ ನೋಡಿದ್ದೇ ಒಡೆದುಹೋಗುತ್ತಾಳೆ. ಹಿಲ್ಡಾ ಮಾಡಿದ ಜೀನ್ ಅಲೆಕ್ಸಾಂಡರ್‌ಗೆ 1988ರಲ್ಲಿ ಬಾಫ್ಟಾ (ಬ್ರಿಟನ್ನಿನ ಸಿನಿಮಾ, ಟಿವಿ ಪ್ರಶಸ್ತಿ) ಶ್ರೇಷ್ಠ ನಟಿ ವಿಭಾಗದಲ್ಲಿ ನಾಮನಿರ್ದೇಶನ ಆಗಿತ್ತು. ಅವರ ನಂತರ ಆ ಪಟ್ಟಿಗೆ ಬಂದ ಸೋಪ್ ನಟಿ ಜೂನ್ ಬ್ರೌನ್, 2009ರಲ್ಲಿ, ಇದೇ ಎಪಿಸೋಡ್‌ಗೆ. ನಡುವೆ ಇಪ್ಪತ್ತೊಂದು ವರ್ಷ. ಪ್ರಶಸ್ತಿ ಆನಾ ಮ್ಯಾಕ್ಸ್‌ವೆಲ್ ಮಾರ್ಟಿನ್‌ಗೆ ಹೋಯಿತು. ನನಗೆ ಈಗಲೂ ಅದು ಅನ್ಯಾಯ ಅಂತಲೇ ಅನ್ನಿಸುತ್ತದೆ. ಸೋಪ್ ಅಂದರೆ ಕಡಿಮೆ ದರ್ಜೆ ಅನ್ನುವ ಮನಸ್ಸು ಅಲ್ಲೂ ಇದೆ, ಇಲ್ಲೂ ಇದೆ.

ನಮ್ಮ ಸೀರಿಯಲ್‌ಗಳಲ್ಲೂ ಇಂಥ ನಟಿಯರು ಇದ್ದಾರೆ ರೀ. ರಂಗಭೂಮಿಯಿಂದ ಬಂದು ಅಜ್ಜಿ, ಅತ್ತೆ ಪಾತ್ರ ಮಾಡುವವರು. ಅವರ ಒಂದು ಮಾತಿಗೆ ಮೂರು ಸಲ ಢಣ್ ಅಂತ ಸಂಗೀತ, ಸುತ್ತ ನಿಂತ ಎಂಟು ಮುಖಗಳ ಕ್ಲೋಸಪ್. ಅವರಿಗೆ ಒಂದು ಕುರ್ಚಿ, ಒಂದು ಕೋಣೆ, ಇಪ್ಪತ್ತು ನಿಮಿಷ ಕೊಟ್ಟು ಸುಮ್ಮನಿದ್ದು ನೋಡಲಿ ಯಾರಾದರೂ ಒಬ್ಬ ನಿರ್ದೇಶಕ. ಇದು ನನ್ನ ಬಹಳ ದಿನದ ಆಸೆ.

ಕಾವೇರಿದಡ

ಎಲ್ಲರಿಗೂ ಧನ್ಯವಾದ. ಮಗಳಿಗೂ ಓದಿ ಹೇಳಿದೆ.

ಪುತ್ತೂರಿನವರೇ, ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಆಗ ನನಗೆ ನಲವತ್ತೂ ಆಗಿರಲಿಲ್ಲ. ಮನೆಯಲ್ಲಿ ನಾದಿನಿ ಇದ್ದಳು, ಕೆಲಸಕ್ಕೆ ಒಬ್ಬಳು ಬರುತ್ತಿದ್ದಳು. ಇವರು ರಾತ್ರಿ ಎದ್ದು ಸಹಾಯ ಮಾಡುತ್ತಿದ್ದರು. ನಾನು ನೋಡಿಕೊಂಡೆ ಅನ್ನುತ್ತೇನೆ, ಆದರೆ ನಾವು ನಾಲ್ಕು ಜನ ನೋಡಿಕೊಂಡದ್ದು. ಈಗ ಈ ಮನೆಯಲ್ಲಿ ನಾವಿಬ್ಬರೇ. ಇವರಿಗೆ 74. ನಿಮ್ಮ ಪ್ರಶ್ನೆ ಓದಿದಾಗಿನಿಂದ ಅದೇ ಯೋಚನೆ.

ಹಂಪಿಯವರ ಮಾತೂ ಬಿಡುತ್ತಿಲ್ಲ. ಡಾಟ್ ಆ ಟೇಪನ್ನು ಅವನ ಪಕ್ಕದಲ್ಲಿ ಕೂತು ಕೇಳಿಸಬೇಕಿತ್ತು ಅಂತ ನನಗನ್ನಿಸುತ್ತದೆ. ಭಯ ಇದ್ದರೆ ಇರಲಿ, ಅದನ್ನು ತಪ್ಪು ಅನ್ನುವುದಿಲ್ಲ ಇನ್ನು. ಎದುರಿಗೆ ಹೇಳಬೇಕಿತ್ತು, ಅಷ್ಟೇ ನನ್ನ ತಕರಾರು.

ಇನ್ನೊಂದು ಕೇಳಬೇಕಿತ್ತು. ಇವರಿಗೂ ಡಾಟ್ ಕಥೆ ತೋರಿಸಬೇಕು ಅಂತ ಆಸೆ. ಸಾವಿರಾರು ಎಪಿಸೋಡ್ ಇವೆ, ಎಲ್ಲಿಂದ ಶುರು ಮಾಡಲಿ?

ಲೆಸ್ಟರ್_ಕನ್ನಡಿಗ

ಎಲ್ಲಾ ನೋಡಬೇಕಾಗಿಲ್ಲ. 2000ರ ಎಥೆಲ್ ಸಾವು, 2002ರ ಮದುವೆ, ಆಮೇಲೆ 2008ರ ಇದು. ಈ ಮೂರು ಸಾಕು, ಒಳಗೆ ಹೋಗಿಬಿಡುತ್ತೀರಿ. ಮನಸ್ಸು ಗಟ್ಟಿ ಇದ್ದರೆ 2015ರ ಫೆಬ್ರವರಿ ಕೂಡ ನೋಡಿ, ಸೀರಿಯಲ್‌ಗೆ 30 ವರ್ಷ ತುಂಬಿದ ವಾರ. ನಿಕ್ ತಾಯಿಯ ತೋಳಿನಲ್ಲೇ ಸಾಯುತ್ತಾನೆ, ಅವಳು ಆಂಬುಲೆನ್ಸ್ ಕರೆಯುವುದಿಲ್ಲ. ಅದಕ್ಕಾಗಿ ಆ ವಯಸ್ಸಿನಲ್ಲಿ ಜೈಲಿಗೂ ಹೋಗುತ್ತಾಳೆ. ಅದರ ಬಗ್ಗೆ ಬೇರೆಯೇ ಚರ್ಚೆ ಶುರು ಮಾಡಬೇಕು.

ಬಿಬಿಸಿಯ ಐಪ್ಲೇಯರ್ (ಇಂಟರ್ನೆಟ್‌ನಲ್ಲಿ ನೋಡುವ ಸೇವೆ) ಬ್ರಿಟನ್ನಿನಲ್ಲಿ ಮಾತ್ರ ನಡೆಯುತ್ತದೆ. ಹಾಗಾಗಿ ಯಜಮಾನರನ್ನೂ ಕರೆದುಕೊಂಡು ಮಗಳ ಮನೆಗೆ ಬಂದಾಗ ನೋಡುವುದು ಒಳ್ಳೆಯದು. ಹಳೆಯ ಎಪಿಸೋಡ್‌ಗಳನ್ನು ಇಲ್ಲಿ ಡ್ರಾಮಾ (2024ರಿಂದ ಯು&ಡ್ರಾಮಾ) ಅನ್ನುವ ಚಾನೆಲ್ ಮರುಪ್ರಸಾರ ಮಾಡಿದೆ.

ಜೂನ್ ಬ್ರೌನ್ 2022ರ ಏಪ್ರಿಲ್ 3ರಂದು ತೀರಿಕೊಂಡರು, 95 ವರ್ಷ. ಕಣ್ಣು ಬಹಳ ಮಂಜಾಗಿದ್ದರೂ 2020ರವರೆಗೆ ನಟಿಸಿದರು. 2022ರ ಡಿಸೆಂಬರ್‌ನಲ್ಲಿ ಸೀರಿಯಲ್‌ನಲ್ಲಿ ಡಾಟ್‌ಳ ಅಂತ್ಯಸಂಸ್ಕಾರ ತೋರಿಸಿದರು, ಬಿಟ್ಟುಹೋದ ಎಷ್ಟೋ ಹಳೆಯ ಪಾತ್ರಗಳು ಅದಕ್ಕಾಗಿ ವಾಪಸ್ ಬಂದವು. ಅದನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಉಳಿದದ್ದು ನೋಡದೆ ಅದನ್ನು ನೋಡಬೇಡಿ.

ಹಂಪಿ_ಕಲ್ಲು

ಪಕ್ಕದಲ್ಲಿ ಕೂತು ಕೇಳಿಸಬೇಕಿತ್ತು ಅಂದಿರಲ್ಲ ಅಮ್ಮ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಪುತ್ತೂರಿನವರನ್ನು ಒಂದು ಕೇಳಬೇಕು. ಮಾತು ಹೋದವರ ಹತ್ತಿರ ಇಂಥ ವಿಷಯ ಮಾತಾಡುವುದು ಹೇಗೆ? ನಿಮ್ಮ ವಾರ್ಡ್‌ನಲ್ಲಿ ಏನು ಮಾಡುತ್ತೀರಿ?

ಪುತ್ತೂರು_ನರ್ಸ್

ಒಂದು ಸಲಕ್ಕೆ ಒಂದೇ ಪ್ರಶ್ನೆ. ಚಿಕ್ಕ ವಾಕ್ಯ. ಹೌದು ಅಥವಾ ಇಲ್ಲ ಅಂತ ತಲೆಯಾಡಿಸಿದರೆ ಸಾಕು ಅನ್ನುವ ಹಾಗೆ ಕೇಳುತ್ತೇವೆ. ಮನೆಯ ಫೋಟೋ, ನರ್ಸಿಂಗ್ ಹೋಂ ಫೋಟೋ ಎರಡೂ ಎದುರಿಗೆ ಇಡುತ್ತೇವೆ, ಕೈ ತೋರಿಸಲಿ ಅಂತ. ಟಿವಿ ಆಫ್ ಮಾಡುತ್ತೇವೆ. ಉತ್ತರ ಬರುವುದು ತಡವಾಗುತ್ತದೆ, ಅವರ ಪರವಾಗಿ ನಾವು ಉತ್ತರ ಹೇಳಬಾರದು, ಕಾಯಬೇಕು. ಮನೆಯವರಿಗೆ ಅತಿ ಕಷ್ಟ ಅನ್ನಿಸುವುದು ಆ ಕಾಯುವುದೇ. ಬೇಕಾದರೆ ಮೆಸೇಜ್ ಮಾಡಿ, ಇನ್ನೂ ವಿವರವಾಗಿ ಹೇಳುತ್ತೇನೆ.